ಕಾರಿನ ಹೊರಗಿನ ಆಕ್ಸೆಸರಿ: ಆರಿಸುವುದು, ಅಂಟಿಸುವುದು, ಕಾಪಾಡುವುದು

ಡೋರ್ ವೈಸರ್ (ಕಿಟಕಿಯ ಮೇಲಂಚಿನ ಮಳೆತಡೆ), ಮಡ್ ಫ್ಲ್ಯಾಪ್ (ಚಕ್ರದ ಹಿಂದಿನ ಕೆಸರುತಡೆ), ಸೈಡ್ ಬೀಡಿಂಗ್ (ಬಾಗಿಲ ಹೊರಮೈಗೆ ಅಂಟಿಸುವ ರಕ್ಷಣಾ ಪಟ್ಟಿ), ಬಾಡಿ ಕವರ್. ಕಡಿಮೆ ಖರ್ಚಿನಲ್ಲಿ ಕಾರಿನ ಹೊರಮೈಗೆ ನಿಜಕ್ಕೂ ಉಪಯೋಗವಾಗುವ ವಸ್ತುಗಳು ಹೆಚ್ಚುಕಡಿಮೆ ಇಷ್ಟೇ. ಇವು ಬೇಗ ಹಾಳಾದರೆ ‘ಅಗ್ಗದ ಮಾಲು’ ಎಂದು ದೂರುವವರೇ ಹೆಚ್ಚು. ಆದರೆ ಬಹುಪಾಲು ತಪ್ಪು ಅಳತೆಯಲ್ಲಿ ಮತ್ತು ಅವಸರದಲ್ಲಿ ಅಂಟಿಸುವುದರಲ್ಲಿ ಇರುತ್ತದೆ.

ಕೊಳ್ಳುವಾಗ

ಅಂಗಡಿಯಲ್ಲಿ ಕಾರಿನ ಹೆಸರಷ್ಟೇ ಹೇಳಿದರೆ ಸಾಲದು, ತಯಾರಾದ ವರ್ಷವನ್ನೂ ಹೇಳಿ. ಹೆಸರು ಅದೇ ಇದ್ದರೂ ಹೊಸ ಆವೃತ್ತಿಯಲ್ಲಿ ಬಾಗಿಲ ಚೌಕಟ್ಟಿನ ಬಾಗು ಬೇರೆಯಾಗಿರಬಹುದು. ಹಿಂಬದಿಯ ಅಂಟು ಟೇಪ್ ಬಿಚ್ಚದೆ ವೈಸರನ್ನು ಬಾಗಿಲ ಮೇಲೆ ಹಿಡಿದು ನೋಡಿ. ಒಂದು ತುದಿ ಒತ್ತಿದಾಗ ಇನ್ನೊಂದು ಮೇಲೆದ್ದರೆ ಅದು ನಿಮ್ಮ ಕಾರಿನದ್ದಲ್ಲ. ಬಲವಂತವಾಗಿ ಬಗ್ಗಿಸಿ ಅಂಟಿಸಿದ ಪ್ಲಾಸ್ಟಿಕ್ ತನ್ನ ಹಳೆಯ ಆಕಾರಕ್ಕೆ ಮರಳಲು ಎಳೆಯುತ್ತಲೇ ಇರುತ್ತದೆ. ಬಿಸಿಲಿಗೆ ಅಂಟು ಮೆತ್ತಗಾದಾಗ ಆ ತುದಿಯೇ ಮೊದಲು ಕಿತ್ತುಬರುತ್ತದೆ. ಜೊತೆಗೆ ಬಂದ ಟೇಪ್ ಹಿಸುಕಿದರೆ ಹರಿಯುವ ಸ್ಪಂಜಿನದ್ದಾದರೆ ಅದನ್ನು ತೆಗೆದು ಆಕ್ರಿಲಿಕ್ ಫೋಮ್ ಟೇಪ್ (ಎರಡೂ ಬದಿ ಅಂಟುವ ಗಟ್ಟಿ ಟೇಪ್) ಹಾಕಿ. ಹಣ ಉಳಿಸಬಾರದ ಜಾಗ ಇದೊಂದೇ.

ಲೋಹದ ಬಂಪರ್ ಗಾರ್ಡ್ ಬೇಡವೇ ಬೇಡ. ಡಿಕ್ಕಿಯಾದಾಗ ಕುಗ್ಗಿ ಪೆಟ್ಟನ್ನು ಹೀರಿಕೊಳ್ಳಬೇಕಾದ ಭಾಗಕ್ಕೆ ಅದು ಅಡ್ಡಿ, ಎದುರಿಗೆ ಸಿಕ್ಕ ಪಾದಚಾರಿಗೆ ಇನ್ನೂ ಅಪಾಯ. ಬಾಗಿಲ ಅಂಚಿಗೆ ಸಿಕ್ಕಿಸುವ, ಒಳಗೆ ಲೋಹದ ಪಟ್ಟಿಯಿರುವ ಡೋರ್ ಎಡ್ಜ್ ಗಾರ್ಡ್ ಕೂಡ ಬಿಟ್ಟುಬಿಡಿ. ಅದು ಪೇಂಟನ್ನು ಉಜ್ಜಿ, ನೀರು ಹಿಡಿದಿಟ್ಟು, ಕಣ್ಣಿಗೆ ಕಾಣದಂತೆ ತುಕ್ಕು ಹಿಡಿಸುತ್ತದೆ.

ವೈಸರ್, ಬೀಡಿಂಗ್ ಅಂಟಿಸುವ ಕ್ರಮ

1. ಅಂಟಿಸುವ ಜಾಗವನ್ನು ಶಾಂಪೂ ನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿ.

2. ಐಸೊಪ್ರೊಪೈಲ್ ಆಲ್ಕೋಹಾಲ್‌ಗೆ (ಜಿಡ್ಡು ತೆಗೆದು ಬೇಗ ಆರುವ ದ್ರವ) ಅಷ್ಟೇ ನೀರು ಬೆರೆಸಿ, ಸ್ವಚ್ಛ ಬಟ್ಟೆಯಿಂದ ಪೇಂಟಿನ ಮೇಲೆ ಒರೆಸಿ. ಬಳಿಕ ಒಂದು ಹನಿ ನೀರು ಬಿಟ್ಟು ನೋಡಿ. ಹನಿ ಗುಂಡಗೆ ನಿಂತರೆ ಪಾಲಿಶ್‌ನ ಮೇಣ ಇನ್ನೂ ಇದೆ ಎಂದರ್ಥ, ಮತ್ತೆ ಒರೆಸಬೇಕು. ನೀರು ತೆಳುವಾಗಿ ಹರಡಿದರೆ ಒಣಗಿಸಿ ಮುಂದುವರಿಯಿರಿ. ‘ಎರಡೇ ವಾರದಲ್ಲಿ ಬಿದ್ದುಹೋಯಿತು’ ಎನ್ನುವ ಕಡೆಯಲ್ಲೆಲ್ಲ ಸಾಮಾನ್ಯವಾಗಿ ತಪ್ಪಿರುವುದು ಈ ಹಂತ.

3. ಕಾರಿನ ಮೈ 21ರಿಂದ 38 ಡಿಗ್ರಿ ಸೆಲ್ಸಿಯಸ್ ಇರುವಾಗ ಅಂಟಿಸಿ. ಚಳಿಯಲ್ಲಿ ಟೇಪ್ ಬಿರುಸಾಗಿ ಸರಿಯಾಗಿ ಕಚ್ಚುವುದಿಲ್ಲ. ಸುಡುಬಿಸಿಲಲ್ಲಿ ನಿಂತ ಕಾರನ್ನು ಮೊದಲು ನೆರಳಿಗೆ ತನ್ನಿ.

4. ಬೀಡಿಂಗ್‌ಗಾದರೆ ಬಾಗಿಲು ಅತಿ ಹೆಚ್ಚು ಉಬ್ಬಿರುವ ಎತ್ತರದಲ್ಲಿ ಮಾಸ್ಕಿಂಗ್ ಟೇಪಿನಿಂದ ನೇರ ಗೆರೆ ಹಾಕಿಕೊಳ್ಳಿ. ಬಾಗಿಲ ಅಂಚಿನಿಂದ ಸುಮಾರು 5 ಮಿ.ಮೀ. ಒಳಗೇ ನಿಲ್ಲಿಸಿ, ಇಲ್ಲದಿದ್ದರೆ ಬಾಗಿಲು ತೆರೆದಾಗ ಪಕ್ಕದ ಪಟ್ಟಿಗೆ ತಾಗುತ್ತದೆ.

5. ಟೇಪಿನ ಮೇಲ್ಪದರವನ್ನು ಒಮ್ಮೆಲೇ ಕೀಳಬೇಡಿ. ಎರಡೂ ತುದಿಯಲ್ಲಿ 5 ಸೆಂ.ಮೀ. ಬಿಡಿಸಿ ಹೊರಕ್ಕೆ ಮಡಚಿಡಿ. ಜಾಗ ಸರಿನೋಡಿ ತುದಿಗಳನ್ನು ಒತ್ತಿ, ಆಮೇಲೆ ಉಳಿದ ಪದರವನ್ನು ನಿಧಾನವಾಗಿ ಎಳೆಯುತ್ತಾ ಒತ್ತುತ್ತಾ ಹೋಗಿ. ಅಂಟಿದ ಮೇಲೆ ಕಿತ್ತು ಸರಿಪಡಿಸಿದರೆ ಟೇಪ್ ಕೆಟ್ಟಂತೆಯೇ.

ಆಕ್ರಿಲಿಕ್ ಫೋಮ್ ಟೇಪಿನ ಅಂಟು 20 ನಿಮಿಷದಲ್ಲಿ ಸುಮಾರು ಅರ್ಧ ಬಲ, 24 ಗಂಟೆಯಲ್ಲಿ ಶೇ 90, ಪೂರ್ಣ ಬಲ ಪಡೆಯಲು 72 ಗಂಟೆ ತೆಗೆದುಕೊಳ್ಳುತ್ತದೆ. ಮೂರು ದಿನ ಕಾರು ತೊಳೆಯಬೇಡಿ, ವೈಸರ್ ಹಾಕಿದ್ದರೆ ಗಾಜನ್ನೂ ಇಳಿಸದಿದ್ದರೆ ಒಳ್ಳೆಯದು.

ಮಡ್ ಫ್ಲ್ಯಾಪ್

ಚಕ್ರದ ಕಮಾನಿನಲ್ಲಿ ಈಗಾಗಲೇ ಇರುವ ಸ್ಕ್ರೂ ತೂತುಗಳಿಗೇ ಕೂರುವಂಥದ್ದನ್ನು ಕೊಳ್ಳಿ. ಹೊಸ ತೂತು ಕೊರೆದರೆ ಬರಿಯ ಉಕ್ಕು ಹೊರಬಿದ್ದು ಅಲ್ಲಿಂದಲೇ ತುಕ್ಕು ಶುರು. ಕೊರೆಯಲೇಬೇಕಾದರೆ ತೂತಿನ ಅಂಚಿಗೆ ಪ್ರೈಮರ್, ಪೇಂಟ್ ಬಳಿದು, ಒಣಗಿದ ಮೇಲೆ ಸ್ಕ್ರೂ ಹಾಕಿ. ಸ್ಟಿಯರಿಂಗ್ ಒಂದು ಬದಿಗೆ ಪೂರ್ತಿ ತಿರುಗಿಸಿದರೆ ಮುಂದಿನ ಚಕ್ರ ಬಿಚ್ಚದೆಯೂ ಸ್ಕ್ರೂಡ್ರೈವರ್ ಒಳಗೆ ಹೋಗುತ್ತದೆ. ಬಿಗಿದ ಮೇಲೆ ಎರಡೂ ಬದಿಗೆ ಕೊನೆಯವರೆಗೆ ತಿರುಗಿಸಿ, ಟೈರ್ ಎಲ್ಲೂ ಫ್ಲ್ಯಾಪಿಗೆ ತಾಗದಂತೆ ನೋಡಿಕೊಳ್ಳಿ. ಫ್ಲ್ಯಾಪಿನ ಹಿಂದೆ ಕೆಸರು ಕೂತು ತೇವ ಹಿಡಿಯುತ್ತದೆ, ಪ್ರತಿ ತೊಳೆತದಲ್ಲೂ ಅಲ್ಲಿಗೆ ನೀರು ಬಿಡಿ.

ಕವರ್ ಮತ್ತು ಶುಚಿ

ಗಾಳಿಯಾಡುವ ಬಟ್ಟೆಯ ಕವರ್ ಆರಿಸಿ. ಒದ್ದೆ ಕಾರಿಗೂ ಧೂಳಿನ ಕಾರಿಗೂ ಅದನ್ನು ಹೊದಿಸಬೇಡಿ. ಗಾಳಿಗೆ ಕವರ್ ಅಲುಗಿದಷ್ಟೂ ಕೆಳಗಿನ ಧೂಳು ಮರಳುಕಾಗದದಂತೆ ಪೇಂಟನ್ನು ಗೀರುತ್ತದೆ.

ವೈಸರಿಗೆ ಪೆಟ್ರೋಲ್, ಥಿನ್ನರ್ ಸೋಕಿಸಬಾರದು, ಆಕ್ರಿಲಿಕ್ ಕೂದಲೆಳೆಯಂತೆ ಬಿರುಕು ಬಿಡುತ್ತದೆ. ಶಾಂಪೂ ನೀರೇ ಸಾಕು. ಕ್ರೋಮ್‌ಗೆ ಆಮ್ಲವಿರುವ ಕ್ಲೀನರ್ ಬೇಡ. ಕಾರಿಗೆ ವ್ಯಾಕ್ಸ್ ಹಚ್ಚುವಾಗ ಕಪ್ಪು ಪ್ಲಾಸ್ಟಿಕ್ ಭಾಗಗಳನ್ನು ಬಿಟ್ಟುಬಿಡಿ, ವ್ಯಾಕ್ಸಿನ ಬಿಳಿ ಕಲೆ ಸುಲಭಕ್ಕೆ ಹೋಗದು. ಪ್ರೆಶರ್ ವಾಷರ್ ಬಳಸಿದರೆ ಅಂಟಿಸಿದ ಅಂಚಿನಿಂದ ಕನಿಷ್ಠ 30 ಸೆಂ.ಮೀ. ದೂರವಿರಲಿ.

ಅಂಟಿಸಿದ ವೈಸರ್, ಬೀಡಿಂಗ್ ತೆಗೆಯಬೇಕಾದಾಗ ಹೇರ್ ಡ್ರೈಯರ್‌ನಿಂದ ಕೈಗೆ ಬಿಸಿ ತಟ್ಟುವಷ್ಟು ಕಾಯಿಸಿ, ಮೀನು ಹಿಡಿಯುವ ನೈಲಾನ್ ದಾರವನ್ನು ಟೇಪಿನ ಹಿಂದೆ ತೂರಿಸಿ ಗರಗಸದಂತೆ ಎಳೆಯಿರಿ. ಉಳಿದ ಅಂಟನ್ನು ಹೆಬ್ಬೆರಳಿನಿಂದ ಉಜ್ಜಿ ಉರುಳಿಸಿ ತೆಗೆಯಿರಿ. ಬ್ಲೇಡ್ ಮುಟ್ಟಲೇಬೇಡಿ.