ಮಿಲಿಟರಿ ಮನೆಯವರಿಗೆ ಕೈರೊಪ್ರಾಕ್ಟಿಕ್: ಟೇಬಲ್ ಮೇಲೆ ಮಲಗುವ ಮೊದಲು

ಅಮೆರಿಕದ ಸೇನಾ ನೆಲೆಯ ಗೇಟು ದಾಟಿ ಹೊರಗೆ ಬಂದರೆ ಕೈರೊಪ್ರಾಕ್ಟಿಕ್, ಅಂದರೆ ಬೆನ್ನುಮೂಳೆ, ಕೀಲುಗಳನ್ನು ಕೈಯಿಂದ ಒತ್ತಿ ನೋವಿಗೆ ಚಿಕಿತ್ಸೆ ಕೊಡುವ ಕ್ಲಿನಿಕ್ಕಿನ ಬೋರ್ಡು ಕಾಣಲು ಜಾಸ್ತಿ ಹೊತ್ತು ಬೇಕಿಲ್ಲ. ‘ಮಿಲಿಟರಿ ಕುಟುಂಬಗಳಿಗೆ ರಿಯಾಯಿತಿ’ ಎಂದು ದಪ್ಪ ಅಕ್ಷರದಲ್ಲಿ ಬರೆದಿರುತ್ತಾರೆ. ‘ಹೇಗೂ ಟ್ರೈಕೇರ್ (ಸೇನೆಯವರ ಸರ್ಕಾರಿ ಆರೋಗ್ಯ ವಿಮೆ) ಇದೆಯಲ್ಲ’ ಅಂದುಕೊಂಡು ಒಳಗೆ ಹೋಗಿ, ಸಾವಿರಾರು ಡಾಲರಿನ ಪ್ಯಾಕೇಜಿಗೆ ಸಹಿ ಹಾಕಿ ಬಂದವರನ್ನು ಬೇಕಾದಷ್ಟು ನೋಡಿದ್ದೇನೆ. ನೋವು ಸುಳ್ಳಲ್ಲ. ಗಂಡ ಡಿಪ್ಲಾಯ್‌ಮೆಂಟಿಗೆ, ಅಂದರೆ ದೂರದ ಕರ್ತವ್ಯಕ್ಕೆ, ಹೋದರೆ ಹೆಂಡತಿ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡೇ ಮನೆ ನಡೆಸಬೇಕು. ಪಿಸಿಎಸ್ ಆರ್ಡರ್, ಅಂದರೆ ಬೇರೆ ನೆಲೆಗೆ ವರ್ಗಾವಣೆಯ ಆದೇಶ, ಬಂತೆಂದರೆ ಇಡೀ ಮನೆಯನ್ನು ಪೆಟ್ಟಿಗೆಗೆ ತುಂಬಬೇಕು. ಬೆನ್ನು ಹಿಡಿದುಕೊಳ್ಳದೆ ಇನ್ನೇನಾಗುತ್ತೆ? ಆದರೆ ಬೆನ್ನುನೋವಿನ ಜೊತೆಗೆ ಸಾಲವನ್ನೂ ತಂದುಕೊಳ್ಳಬೇಕಾಗಿಲ್ಲ.

1. ಬಿಲ್ಲು ಯಾರು ಕಟ್ಟುತ್ತಾರೆ?

ಇದನ್ನು ಎಲ್ಲಕ್ಕಿಂತ ಮೊದಲು ತಿಳಿದುಕೊಳ್ಳಿ. ಒಂದೇ ಮನೆಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ನಿಯಮ.

ಆಕ್ಟಿವ್ ಡ್ಯೂಟಿಯಲ್ಲಿ (ಪೂರ್ಣಾವಧಿ ಸೇವೆಯಲ್ಲಿ) ಇರುವ ಸೈನಿಕರಿಗೆ ಕೈರೊಪ್ರಾಕ್ಟಿಕ್ ಹೆಲ್ತ್ ಕೇರ್ ಪ್ರೋಗ್ರಾಂ ಎಂಬ ಸೌಲಭ್ಯ ಇದೆ. ಕರ್ತವ್ಯಕ್ಕೆ ಕರೆಸಿಕೊಂಡಿರುವ, ಅರೆಕಾಲಿಕ ಪಡೆಗಳಾದ ನ್ಯಾಷನಲ್ ಗಾರ್ಡ್ ಮತ್ತು ರಿಸರ್ವ್‌ನವರಿಗೂ ಅದು ಸಿಗುತ್ತದೆ. ಆದರೆ ಗೊತ್ತುಮಾಡಿದ ಕೆಲವು ಮಿಲಿಟರಿ ಆಸ್ಪತ್ರೆ, ಕ್ಲಿನಿಕ್‌ಗಳಲ್ಲಿ ಮಾತ್ರ. ಬೇಕೋ ಬೇಡವೋ ಎಂದು ಅವರ ಪ್ರೈಮರಿ ಕೇರ್ ಮ್ಯಾನೇಜರ್, ಅಂದರೆ ಪಿಸಿಎಂ (ಮಾಮೂಲಿ ಆರೋಗ್ಯ ನೋಡಿಕೊಳ್ಳುವ ಡಾಕ್ಟರು), ನೋಡಿ ರೆಫರಲ್ ಕೊಡಬೇಕು. ಗೇಟಿನ ಹೊರಗಿನ ಕ್ಲಿನಿಕ್ಕಿಗೆ ಹೋದರೆ ಸೈನಿಕರ ಬಿಲ್ಲನ್ನೂ ಟ್ರೈಕೇರ್ ಕಟ್ಟುವುದಿಲ್ಲ.

ಹೆಂಡತಿ, ಗಂಡ, ಮಕ್ಕಳು, ನಿವೃತ್ತ ಸೈನಿಕರು, ಅವರ ಮನೆಯವರು: ಇವರಿಗೆ ಟ್ರೈಕೇರ್‌ನಲ್ಲಿ ಕೈರೊಪ್ರಾಕ್ಟಿಕ್ ಇಲ್ಲ. ಅದರ ಪ್ರೈಮ್ ಯೋಜನೆ ಇರಲಿ, ಸೆಲೆಕ್ಟ್ ಯೋಜನೆ ಇರಲಿ, ಉತ್ತರ ಒಂದೇ. ‘ನಾವು ಟ್ರೈಕೇರ್ ಜೊತೆ ಮಾತಾಡ್ತೀವಿ, ಚಿಂತೆ ಮಾಡಬೇಡಿ’ ಎಂದು ಕೌಂಟರಿನಲ್ಲಿ ಹೇಳಿದರೆ ನಂಬಬೇಡಿ.

ಸೇನೆಯಿಂದ ಹೊರಬಂದು ವಿಎ (ಮಾಜಿ ಸೈನಿಕರ ಸರ್ಕಾರಿ ಇಲಾಖೆ) ಆರೋಗ್ಯ ಸೇವೆಗೆ ಹೆಸರು ನೋಂದಾಯಿಸಿದವರಿಗೆ ಬೇರೆ ದಾರಿ ಇದೆ. 2002ರಲ್ಲಿ ಸಹಿಯಾದ ಕಾನೂನಿನಿಂದಾಗಿ ವಿಎ ಕೈರೊಪ್ರಾಕ್ಟಿಕ್ ಕೊಡುತ್ತದೆ. ಅದಕ್ಕೂ ರೆಫರಲ್ ಬೇಕು. 65 ದಾಟಿ ಮೆಡಿಕೇರ್ ಪಾರ್ಟ್ ಬಿ (ಹಿರಿಯರ ಸರ್ಕಾರಿ ವಿಮೆಯಲ್ಲಿ ಡಾಕ್ಟರ ಖರ್ಚಿನ ಭಾಗ) ಇದ್ದವರಿಗೆ ಬೆನ್ನುಮೂಳೆಯನ್ನು ಕೈಯಿಂದ ಸರಿಪಡಿಸುವುದಕ್ಕಷ್ಟೇ ಹಣ ಸಿಗುತ್ತದೆ, ಕೈರೊಪ್ರಾಕ್ಟರ್ ತೆಗೆಸುವ ಎಕ್ಸ್‌ರೇಗಾಗಲಿ ಮಸಾಜಿಗಾಗಲಿ ಇಲ್ಲ. ಉಳಿದ ಪಾಲನ್ನು ಮೆಡಿಕೇರ್ ಜೊತೆಗೆ ಸಿಗುವ ಟ್ರೈಕೇರ್ ಫಾರ್ ಲೈಫ್ ತುಂಬುವುದಿಲ್ಲ, ನೀವೇ ಕಟ್ಟಬೇಕು. ಮನೆಯಲ್ಲಿ ಯಾರಿಗಾದರೂ ಆಫೀಸಿನಿಂದ ಬೇರೆ ವಿಮೆ ಇದ್ದರೆ ಅದರ ಪುಸ್ತಿಕೆ ತೆಗೆದು ಓದಿ. ಎಷ್ಟೋ ಕಂಪನಿ ವಿಮೆಗಳಲ್ಲಿ ವರ್ಷಕ್ಕೆ ಇಂತಿಷ್ಟು ಸಲ ಎಂದು ಕೈರೊಪ್ರಾಕ್ಟಿಕ್ ಸೇರಿರುತ್ತದೆ.

2. ಮೊದಲು ಪಿಸಿಎಂ ಹತ್ತಿರ ಹೋಗಿ

ಇದನ್ನು ಬಿಡಲೇಬೇಡಿ. ಮೂತ್ರ ಹಿಡಿದಿಟ್ಟುಕೊಳ್ಳಲು ಆಗುತ್ತಿಲ್ಲ ಅಥವಾ ಹೋಗುತ್ತಲೇ ಇಲ್ಲ, ತೊಡೆಸಂದು ಮರಗಟ್ಟಿದೆ, ಕಾಲಿನ ಬಲ ಕುಗ್ಗುತ್ತಿದೆ ಎಂದಾದರೆ ನೇರ ಎಮರ್ಜೆನ್ಸಿಗೆ ಹೋಗಿ. ಜ್ವರದ ಜೊತೆ ಬೆನ್ನುನೋವು, ಹಿಂದೆ ಕ್ಯಾನ್ಸರ್ ಇತ್ತು, ಕಾರಣವಿಲ್ಲದೆ ತೂಕ ಇಳಿದಿದೆ, ಬಿದ್ದ ಮೇಲೆ ನೋವು ಶುರುವಾಯಿತು ಎನ್ನುವವರ ಬೆನ್ನನ್ನು ಡಾಕ್ಟರು ನೋಡುವ ತನಕ ಯಾರೂ ಒತ್ತಬಾರದು.

ಇದ್ಯಾವುದೂ ಇಲ್ಲದಿದ್ದರೆ ಕುಟುಂಬದವರಿಗೆ ನನ್ನ ಮಾತು ಒಂದೇ: ಮೊದಲು ಫಿಸಿಯೊಥೆರಪಿ ಕೇಳಿ. ಅದು ಟ್ರೈಕೇರ್‌ನಲ್ಲಿದೆ, ವ್ಯಾಯಾಮ ಕಲಿಸುತ್ತಾರೆ, ಮುಂದಿನ ಊರಿಗೆ ಹೋದರೂ ಆ ವ್ಯಾಯಾಮ ನಿಮ್ಮ ಜೊತೆ ಬರುತ್ತದೆ. ಕೈರೊಪ್ರಾಕ್ಟಿಕ್ ಕೆಲಸಕ್ಕೆ ಬರಲ್ಲ ಅಂತ ನಾನು ಹೇಳುತ್ತಿಲ್ಲ. 750 ಸೈನಿಕರ ಮೇಲೆ ಮೂರು ಮಿಲಿಟರಿ ಆಸ್ಪತ್ರೆಗಳಲ್ಲಿ ನಡೆದ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. ಮಾಮೂಲಿ ಚಿಕಿತ್ಸೆಯ ಜೊತೆ ಕೈರೊಪ್ರಾಕ್ಟಿಕ್ ಸಿಕ್ಕವರಿಗೆ ಆರು ವಾರದಲ್ಲಿ ಸೊಂಟನೋವು ಉಳಿದವರಿಗಿಂತ ಜಾಸ್ತಿ ಇಳಿದಿತ್ತು. ಆರು ವಾರ ಎಂಬುದನ್ನು ನೆನಪಿಡಿ. ಅದೇ ಹೊತ್ತಿಗೆ, ಮಗುವಿನ ಹೊಟ್ಟೆನೋವು, ಕಿವಿನೋವು, ಉಬ್ಬಸವನ್ನು ಬೆನ್ನು ಒತ್ತಿ ಗುಣಪಡಿಸುತ್ತೇವೆ ಎನ್ನುವ ಮಾತಿಗೆ ಗಟ್ಟಿ ಆಧಾರವಿಲ್ಲ. ಹಸುಗೂಸನ್ನು ಕರೆದೊಯ್ಯಬೇಡಿ.

3. ಫೋನಿನಲ್ಲೇ ಅರ್ಧ ಕೆಲಸ ಮುಗಿಸಿ

ಬಹಳ ಜನ ಜಾರುವುದು ಇಲ್ಲೇ. ನೋವಿನಲ್ಲಿದ್ದಾಗ ಮಾತಾಡುವ ತಾಳ್ಮೆ ಇರಲ್ಲ, ‘ನಾಳೆ ಬನ್ನಿ’ ಅಂದರೆ ಹೊರಟುಬಿಡುತ್ತೇವೆ. ಹತ್ತು ನಿಮಿಷ ಕೂತು ಫೋನ್ ಮಾಡಿ.

ಮೊದಲು ಕೈರೊಪ್ರಾಕ್ಟರ್ ಹೆಸರು ಕೇಳಿ ಬರೆದುಕೊಳ್ಳಿ. ಕ್ಲಿನಿಕ್ ಇರುವ ರಾಜ್ಯದ ಕೈರೊಪ್ರಾಕ್ಟಿಕ್ ಲೈಸೆನ್ಸ್ ಬೋರ್ಡಿನ ವೆಬ್‌ಸೈಟಿನಲ್ಲಿ ಹೆಸರು ಹಾಕಿದರೆ ಲೈಸೆನ್ಸ್ ಚಾಲ್ತಿಯಲ್ಲಿದೆಯೇ, ಶಿಸ್ತುಕ್ರಮ ಆಗಿದೆಯೇ ಎಂದು ತಿಳಿಯುತ್ತದೆ.

ಆಮೇಲೆ ದರ. ‘ಮೊದಲ ಭೇಟಿಗೆ ಎಷ್ಟು?’ ಎಂದಷ್ಟೇ ಕೇಳಿದರೆ ಆಕರ್ಷಕವಾದ ಚಿಕ್ಕ ಮೊತ್ತ ಹೇಳುತ್ತಾರೆ, ಅದು ಗಾಳ. ಹೀಗೆ ಕೇಳಿ: ‘ಇದಕ್ಕೆ ನನಗೆ ಯಾವ ವಿಮೆಯೂ ಬರಲ್ಲ, ಕೈಯಿಂದ ಕಟ್ಟುತ್ತೇನೆ. ಪರೀಕ್ಷೆಗೆ ಎಷ್ಟು, ಎಕ್ಸ್‌ರೇಗೆ ಎಷ್ಟು, ಎರಡನೇ ಸಲದಿಂದ ಪ್ರತಿ ಭೇಟಿಗೆ ಎಷ್ಟು? ಗುಡ್ ಫೇತ್ ಎಸ್ಟಿಮೇಟ್ ಬರಹದಲ್ಲಿ ಕಳಿಸಿ.’

ಈ ಕೊನೆಯ ಸಾಲು ಮುಖ್ಯ. 2022ರ ಜನವರಿ 1ರಿಂದ ಜಾರಿಯಲ್ಲಿರುವ ನೋ ಸರ್ಪ್ರೈಸಸ್ ಆಕ್ಟ್ ಪ್ರಕಾರ, ವಿಮೆ ಇಲ್ಲದೆ ಕೈಯಿಂದ ಕಟ್ಟುವವರು ಕೇಳಿದರೆ ಈ ಅಂದಾಜು ಬಿಲ್ಲನ್ನು (ಗುಡ್ ಫೇತ್ ಎಸ್ಟಿಮೇಟ್) ಲಿಖಿತವಾಗಿ ಕೊಡಲೇಬೇಕು. ಕನಿಷ್ಠ ಮೂರು ಕೆಲಸದ ದಿನ ಮುಂಚೆ ಅಪಾಯಿಂಟ್‌ಮೆಂಟ್ ಮಾಡಿದ್ದರೆ ಕೇಳದೆಯೂ ಕೊಡಬೇಕು. ಕೊನೆಗೆ ಬಂದ ಬಿಲ್ಲು ಅಂದಾಜಿಗಿಂತ 400 ಡಾಲರ್ ಅಥವಾ ಹೆಚ್ಚು ಮೀರಿದರೆ, ಬಿಲ್ಲಿನ ತಾರೀಖಿನಿಂದ 120 ದಿನದೊಳಗೆ ದೂರು ಹಾಕಬಹುದು. ಕೌಂಟರಿನಲ್ಲಿ ಇದನ್ನು ಕೇಳಿದಾಗ ‘ಅದೇನದು?’ ಎಂಬ ಮುಖ ಮಾಡಿದರೆ, ಬೇರೆ ಕ್ಲಿನಿಕ್ ಹುಡುಕಿ.

4. ಮೊದಲ ದಿನ

ಕೈರೊಪ್ರಾಕ್ಟರ್ ಮಾತಾಡಿಸದೆ ಒತ್ತಲು ಶುರುಮಾಡಿದರೆ ಎದ್ದು ಬನ್ನಿ. ನೋವು ಯಾವಾಗ ಶುರುವಾಯಿತು, ಎಲ್ಲಿಗೆ ಇಳಿಯುತ್ತದೆ ಎಂದು ಕೇಳಬೇಕು. ಮಂಡಿಗೆ ಪುಟ್ಟ ಸುತ್ತಿಗೆಯಿಂದ ತಟ್ಟಿ ನೋಡಬೇಕು. ಅಂಗಾತ ಮಲಗಿಸಿ, ಮಂಡಿ ಮಡಚದೆ ಒಂದೊಂದೇ ಕಾಲನ್ನು ಮೇಲೆತ್ತಬೇಕು. ಸ್ವಲ್ಪ ಎತ್ತುವಷ್ಟರಲ್ಲೇ ಮಂಡಿಯ ಕೆಳಗಿನ ತನಕ ಚುಳ್ ಎಂದರೆ ನರ ಒತ್ತಿಕೊಂಡಿರಬಹುದು. ತೊಡೆಯ ಹಿಂಬದಿ ಬರೀ ಬಿಗಿದರೆ ಅದು ಸ್ನಾಯುವಿನದು.

ಎಲ್ಲರಿಗೂ ಎಕ್ಸ್‌ರೇ ಎನ್ನುವ ಕ್ಲಿನಿಕ್ ಬೇಡ. ಅಪಾಯದ ಲಕ್ಷಣ ಇಲ್ಲದ ಹೊಸ ಸೊಂಟನೋವಿಗೆ ಮೊದಲ ಆರು ವಾರ ಎಕ್ಸ್‌ರೇ, ಸ್ಕ್ಯಾನ್ ಬೇಡ ಎಂದು ಅಮೆರಿಕನ್ ಕೈರೊಪ್ರಾಕ್ಟಿಕ್ ಅಸೋಸಿಯೇಷನ್ನೇ ಹೇಳಿದೆ. ಬೆನ್ನಿನ ಮೇಲೆ ಯಂತ್ರ ಉರುಳಿಸಿ ಪರದೆಯಲ್ಲಿ ಕೆಂಪು ಹಸಿರು ಪಟ್ಟಿ ತೋರಿಸುವುದು, ಒಂದು ಕಾಲು ಗಿಡ್ಡ ಎನ್ನುವುದು, ಇದೆಲ್ಲ ಮಾರಾಟದ ಕಸರತ್ತು. ಒತ್ತಿದಾಗ ಲಟಕ್ ಅನ್ನುವ ಶಬ್ದಕ್ಕೂ ಮರುಳಾಗಬೇಡಿ. ಕೀಲಿನ ದ್ರವದಲ್ಲಿ ಗಾಳಿಗುಳ್ಳೆ ಆಗುವ ಸದ್ದು ಅದು, ಮೂಳೆ ಜಾಗಕ್ಕೆ ಬಂದು ಕೂತದ್ದಲ್ಲ.

ಕುತ್ತಿಗೆ ತಿರುಚುವುದು ಬೇಡ ಎನ್ನುವ ಹಕ್ಕು ನಿಮಗಿದೆ. ಅಪರೂಪಕ್ಕೆ ಅಲ್ಲಿನ ರಕ್ತನಾಳ ಹರಿದು ಪಾರ್ಶ್ವವಾಯು ಆದದ್ದುಂಟು. ನಾನಂತೂ ಕುತ್ತಿಗೆಗೆ ಕೈ ಹಾಕಿಸುವುದಿಲ್ಲ. ತಲೆಗೆ ಪಟ್ಟಿ ಕಟ್ಟಿ ಎಳೆಯುವ ವಿಡಿಯೊ ನೋಡಿ ಅದನ್ನು ತರಿಸಿ ಮನೆಯಲ್ಲಿ ಎಳೆದಾಡುವುದು ಶುದ್ಧ ಹುಚ್ಚಾಟ. ಭುಜ ಹಿಂದಕ್ಕೆಳೆಯುವ ಬೆಲ್ಟೂ ದಂಡ, ಎರಡು ದಿನ ಹಾಕಿ ಮೂಲೆಗೆ ಬಿಸಾಡುತ್ತೀರಿ.

5. ಪ್ಯಾಕೇಜು ಬಂತು, ಪೆನ್ನು ಮುಟ್ಟಬೇಡಿ

ಪರೀಕ್ಷೆ ಮುಗಿದ ಮೇಲೆ ಇನ್ನೊಂದು ಕೋಣೆಗೆ ಕರೆಯುತ್ತಾರೆ. ಅಲ್ಲೊಬ್ಬರು ಲ್ಯಾಮಿನೇಟ್ ಮಾಡಿದ ಹಾಳೆ ಮುಂದಿಡುತ್ತಾರೆ. ಇಡೀ ವರ್ಷದ ಭೇಟಿಗಳ ಹಣ ಒಟ್ಟಿಗೆ ಕಟ್ಟಿದರೆ ಇಷ್ಟು ಉಳಿತಾಯ, ಇಲ್ಲಾಂದ್ರೆ ತಿಂಗಳ ಕಂತು, ಇವತ್ತೇ ಸಹಿ ಮಾಡಿದರೆ ಇನ್ನೂ ಕಡಿಮೆ.

ಮಿಲಿಟರಿ ಮನೆಗೆ ಇದು ಎಲ್ಲರಿಗಿಂತ ಕೆಟ್ಟ ವ್ಯವಹಾರ. ಆರ್ಡರ್ ಯಾವಾಗ ಬರುತ್ತೋ ಗೊತ್ತಿಲ್ಲ. ಬಂದಾಗ ಉಳಿದ ಭೇಟಿಗಳ ದುಡ್ಡು ವಾಪಸ್ ಕೇಳಿದರೆ, ಆಗಲೇ ಮುಗಿದ ಭೇಟಿಗಳಿಗೆ ರಿಯಾಯಿತಿ ಕಿತ್ತು ಪೂರ್ತಿ ದರ ಹಾಕಿ ಲೆಕ್ಕ ಮಾಡುವವರಿದ್ದಾರೆ. ಕೈಗೆ ಬರುವುದು ಚಿಲ್ಲರೆ. ‘ಪ್ರತಿ ಸಲ ಬಂದಾಗ ಕಟ್ಟುತ್ತೇನೆ’ ಎಂದು ಹೇಳಿ ಎದ್ದುಬಿಡಿ. ಒಪ್ಪದವರ ಹತ್ತಿರ ಹೋಗಬೇಡಿ.

ನಾಲ್ಕೈದು ಭೇಟಿಯ ಹೊತ್ತಿಗೆ ಮರುಪರೀಕ್ಷೆ ಆಗಬೇಕು. ಆರು ವಾರದಲ್ಲಿ ಮಗುವನ್ನು ಎತ್ತುವುದು, ಕಾರು ಹತ್ತಿ ಇಳಿಯುವುದು ಸುಲಭವಾಗಿಲ್ಲ ಎಂದರೆ ನಿಲ್ಲಿಸಿ, ಪಿಸಿಎಂ ಹತ್ತಿರ ವಾಪಸ್ ಹೋಗಿ. ನೋವು ಹೋದ ಮೇಲೂ ‘ಮೇಂಟೆನೆನ್ಸ್’ ಎಂದು ಪ್ರತಿ ತಿಂಗಳು ಕರೆಯುವವರಿಗೆ ನಮಸ್ಕಾರ ಹೇಳಿ.

6. ಕಾಗದಪತ್ರ

ಪ್ರತಿ ಸಲವೂ ವಿವರವಾದ ರಸೀದಿ ಇಸ್ಕೊಳ್ಳಿ. ಫ್ಲೆಕ್ಸಿಬಲ್ ಸ್ಪೆಂಡಿಂಗ್ ಅಕೌಂಟ್ (ಸಂಬಳದಿಂದ ತೆರಿಗೆಗೆ ಮುಂಚೆ ಚಿಕಿತ್ಸೆಯ ಖರ್ಚಿಗೆ ತೆಗೆದಿಡುವ ಖಾತೆ) ಇದ್ದರೆ ಕೈರೊಪ್ರಾಕ್ಟರ್ ಖರ್ಚನ್ನು ಅದರಿಂದ ತೆಗೆಯಬಹುದು. ಹೊರಗಿನ ಕ್ಲಿನಿಕ್ಕಿನ ಟಿಪ್ಪಣಿಗಳು ಮಿಲಿಟರಿ ಆಸ್ಪತ್ರೆಯ ದಾಖಲೆಗೆ ತಾವಾಗಿ ಹೋಗಿ ಸೇರುತ್ತವೆ ಎಂದು ನೆಚ್ಚಿಕೊಳ್ಳಬೇಡಿ. ಆರ್ಡರ್ ಬಂದ ವಾರವೇ ಪೂರ್ತಿ ಫೈಲಿನ ಪ್ರತಿ, ಎಕ್ಸ್‌ರೇ ತೆಗೆದಿದ್ದರೆ ಅದರ ಡಿಸ್ಕ್ ಕೇಳಿ ತೆಗೆದುಕೊಳ್ಳಿ. ಅದನ್ನು ಸಾಗಣೆಯವರ ಪೆಟ್ಟಿಗೆಗೆ ಹಾಕದೆ ಕೈಚೀಲದಲ್ಲಿಟ್ಟುಕೊಂಡು, ಹೊಸ ನೆಲೆಯ ಪಿಸಿಎಂ ಅವರ ಮೊದಲ ಅಪಾಯಿಂಟ್‌ಮೆಂಟಿಗೇ ಒಯ್ಯಿರಿ.