ತೊಲೆಯ ತೂತು ಹಳೆಯದೋ ಹೊಸದೋ? ಪರೀಕ್ಷಿಸುವುದು ಹೀಗೆ

ಬಾಗಲಕೋಟೆ, ಗುಳೇದಗುಡ್ಡ, ಇಳಕಲ್‌ಗಳ ಹಳೆಯ ಮಾಳಿಗೆ (ಮಣ್ಣು ಹಾಸಿದ ಚಾವಣಿಯ) ಮನೆಗಳ ದುರಸ್ತಿಯಲ್ಲಿ ತೊಲೆಯ ಮೇಲೆ ನಾಲ್ಕು ತೂತು ಕಂಡರೆ ಸಾಕು, ‘ಹುಳ ಹತ್ತಿದೆ, ತೆಗೆಸಿಬಿಡಿ’ ಎನ್ನುವವರೇ ಹೆಚ್ಚು. ಚೇಗು, ಅಂದರೆ ಮರದ ನಡುವಿನ ತಿರುಳು, ಗಟ್ಟಿಯಿರುವ ಸಾಗುವಾನಿ ತೊಲೆ ಹೀಗೆ ಸೌದೆಯ ಪಾಲಾಗುವುದನ್ನು ನೋಡಿದರೆ ಸಂಕಟವಾಗುತ್ತದೆ. ಆ ತೂತು ಹುಳ ಒಳಹೊಕ್ಕ ದಾರಿಯಲ್ಲ, ಒಳಗೆ ಬೆಳೆದ ದುಂಬಿ ಹೊರಬಿದ್ದ ದಾರಿ. ಅದು ಅಜ್ಜನ ಕಾಲದ್ದೂ ಆಗಿರಬಹುದು.

ಮೊದಲು ತೊಲೆಯನ್ನು ಬ್ರಷ್‌ನಿಂದ ಉಜ್ಜಿ, ಇರುವ ತೂತುಗಳಿಗೆ ಸೀಮೆಸುಣ್ಣದ ಗುರುತು ಹಾಕಿ, ಕೆಳಗೆ ಕಪ್ಪು ಬಟ್ಟೆ ಹಾಸಿರಿ. ಮುಂದೆ ಗುರುತಿಲ್ಲದ ತೂತೋ ಹೊಸ ಪುಡಿಯೋ ಕಂಡರೆ ಹುಳ ಈಗಲೂ ಒಳಗಿರಬಹುದು. ದುಂಬಿಗಳು ಸಾಮಾನ್ಯವಾಗಿ ಸೆಕೆ ಏರಿದ ಮೇಲೆ ಹೊರಬರುವುದರಿಂದ ಚಳಿಗಾಲದ ಪರೀಕ್ಷೆಯೊಂದನ್ನೇ ನಂಬಬಾರದು.

ಬಟ್ಟೆಯ ಮೇಲೆ ಪುಡಿ ಬಿದ್ದರೆ ಬೆರಳಲ್ಲಿ ಉಜ್ಜಿ ನೋಡಿರಿ. ಮೈದಾದಂತೆ ನುಣ್ಣಗಿದ್ದು, ತೂತು 1ರಿಂದ 2 ಮಿ.ಮೀ. ಇದ್ದರೆ ಅದು ಲಿಕ್ಟಸ್ ಜಾತಿಯ ದುಂಬಿಯಿರಬಹುದು. ಗಸಗಸೆಯಂಥ ಕಾಳು ಬಿದ್ದರೆ ಅದು ದುಂಬಿಯದಲ್ಲ, ಒಣಕಟ್ಟಿಗೆಯ ಗೆದ್ದಲಿನದು.

ಲಿಕ್ಟಸ್ ಕಟ್ಟಿಗೆಯ ಸೂಕ್ಷ್ಮ ರಂಧ್ರಗಳಲ್ಲಿ ಮೊಟ್ಟೆಯಿಡುತ್ತದೆ, ಮರಿಹುಳ ಅಲ್ಲಿನ ಪಿಷ್ಟವನ್ನು ತಿಂದು ಬೆಳೆಯುತ್ತದೆ. ಪಿಷ್ಟವಿರುವುದು ತೊಗಟೆಗೆ ಹತ್ತಿದ ಬಿಳಿ ಭಾಗದಲ್ಲಿ ಮಾತ್ರ, ವರ್ಷಗಳು ಕಳೆದಂತೆ ಅದೂ ಕುಗ್ಗುತ್ತದೆ. ಆದ್ದರಿಂದಲೇ ಕಂಬದ ಅಂಚು ತೂತುಬಿದ್ದರೂ ನಡುವಿನ ಚೇಗು ಹಾಗೇ ಉಳಿದಿರುತ್ತದೆ, ಹಳೆಯ ತೊಲೆಯನ್ನು ಬಿಟ್ಟ ಹುಳ ದುರಸ್ತಿಗೆ ತಂದ ಹೊಸ ಮಾವಿನ ಹಲಗೆಯನ್ನು ಹಿಡಿಯುತ್ತದೆ. ಇನ್ನು ಕೆಲವು ದುಂಬಿಗಳಿಗೆ ತೇವವೇ ಆಸರೆ. ಮಾಳಿಗೆಯ ಮಣ್ಣು ಸೋರಿ, ಗೋಡೆಯೊಳಗೆ ಹುದುಗಿದ ತೊಲೆಯ ತುದಿ ನೆನೆದು ಕೊಳೆಯತೊಡಗಿದರೆ ಅವು ಹಳೆಯ ಕಟ್ಟಿಗೆಯನ್ನೂ ಬಿಡುವುದಿಲ್ಲ. ಔಷಧಿಗಿಂತ ಮುಂಚೆ ಸೋರಿಕೆ ನಿಲ್ಲಬೇಕು.

ಬಳಿಕ ದಬ್ಬಣದಿಂದ ಅಲ್ಲಲ್ಲಿ, ಮುಖ್ಯವಾಗಿ ತುದಿಗಳಲ್ಲಿ, ಚುಚ್ಚಿರಿ. ಮೇಲ್ಪದರ ಮಾತ್ರ ಉದುರಿ ಒಳಗೆ ಗಟ್ಟಿ ತಾಗಿದರೆ ಪುಡಿಯಾದ ಭಾಗವನ್ನಷ್ಟೇ ಕೆತ್ತಿ ತೆಗೆಸಿರಿ. ಆಳಕ್ಕೆ ಇಳಿದರೆ ಅನುಭವಿ ಬಡಿಗರಿಗೆ ತೋರಿಸುವವರೆಗೆ ಊರುಗಂಬ ಕೊಡಿಸಿರಿ.

ಹೊಸ ಪುಡಿ ಬೀಳುತ್ತಿದ್ದರೆ ಮಾತ್ರ ಬಣ್ಣ ಕೆರೆದು, ಒಂದು ಲೀಟರ್ ಬಿಸಿನೀರಿಗೆ 30 ಗ್ರಾಂ ಬೊರಾಕ್ಸ್, 20 ಗ್ರಾಂ ಬೋರಿಕ್ ಆಮ್ಲ ಕರಗಿಸಿ, ಕೈಗವಸು ಹಾಕಿಕೊಂಡು ಎರಡು ಮೂರು ಸಲ ಬಳಿಯಿರಿ. ಮಕ್ಕಳ ಕೈಗೆ ಅದು ಸಿಗಬಾರದು. ಮಳೆಗೆ ತೊಳೆದುಹೋಗುವುದರಿಂದ ಸೂರಿನ ಕೆಳಗಿನ ಕಟ್ಟಿಗೆಗೆ ಮಾತ್ರ ಇದು ಸರಿ. ಚೆನ್ನಾಗಿ ಒಣಗಿದ ಮೇಲೆ ವಾರ್ನಿಶ್ ಹಚ್ಚಿದರೆ ಮೊಟ್ಟೆಯಿಡುವ ರಂಧ್ರಗಳು ಮುಚ್ಚುತ್ತವೆ. ಹೊಸ ತುಂಡು ಕೂರಿಸುವುದಿದ್ದರೆ ಅದರ ಬಿಳಿ ಭಾಗವನ್ನು ಮೊದಲೇ ಹೆರೆಸಿ, ಚೇಗನ್ನಷ್ಟೇ ತೊಲೆಗೆ ಜೋಡಿಸಲು ಬಡಿಗರಿಗೆ ಹೇಳಿರಿ.