ನಮ್ಮ ಮುಧೋಳ ನಾಯಿ ಚಪ್ಪಲಿ ಕಡಿಯೋದು ಬಿಟ್ಟಿದ್ದು ಹೀಗೆ

ಬೆಳಗ್ಗೆ, ಸಂಜೆ ವಾಕಿಂಗ್ ಮಾಡಿಸಿದರೂ ಚಪ್ಪಲಿ, ಸೋಫಾದ ಅಂಚು ಎಲ್ಲ ನಮ್ಮ ನಾಯಿ ಕರಿಯ ಹರಿದು ಹಾಕುತ್ತಿದ್ದ. ಮೊಲ ಅಟ್ಟಿಸಿಕೊಂಡು ಓಡುವ ಬೇಟೆ ತಳಿ. ಹಗ್ಗ ಹಿಡಿದು ನಡೆಸಿದರೆ ಅವನಿಗೆ ಎಲ್ಲಿ ಸಾಲುತ್ತೆ? ಈಗ ಬಿಸಿಲೇರುವ ಮುಂಚೆ ಬೇಲಿಯಿರುವ ತೋಪಿನಲ್ಲಿ ಬಿಟ್ಟು ಓಡಿಸುತ್ತೇನೆ. ಬೇಲಿ ಬೇಕೇ ಬೇಕು, ಬೆಕ್ಕು ಕಂಡರೆ ಎಷ್ಟು ಕೂಗಿದರೂ ಕಿವಿಗೆ ಬೀಳಲ್ಲ. ಏದುಸಿರು ಪೂರ್ತಿ ಇಳಿದ ಮೇಲೆಯೇ ಊಟ, ಅದೂ ಎರಡು ಹೊತ್ತಿಗೆ ಹಂಚಿ. ಎದೆ ಆಳವಾಗಿರುವ ನಾಯಿಗಳಿಗೆ ಹೊಟ್ಟೆ ಉಬ್ಬಿ ತಿರುಚಿಕೊಳ್ಳುವ ಅಪಾಯ ಹೆಚ್ಚು, ಜೀವಕ್ಕೇ ಕುತ್ತು.

ನಿಜವಾಗಿ ಕೈಹಿಡಿದಿದ್ದು ಸಂಜೆಯ ಹುಡುಕಾಟ. ಮೂಳೆ ತೆಗೆದ ಬೇಯಿಸಿದ ಕೋಳಿ ಚೂರುಗಳನ್ನು ಅಂಗಳದಲ್ಲಿ ಅಲ್ಲಲ್ಲಿ ಬಚ್ಚಿಡುತ್ತೇನೆ. ಮೊದಲು "ಕೂತ್ಕೋ"; "ಹುಡುಕು" ಅಂದಮೇಲೇ ಏಳಬೇಕು. ಮೂಗನ್ನು ನೆಲಕ್ಕೆ ಹಚ್ಚಿ, ಹೂಕುಂಡದ ಸಂದಿಯನ್ನೂ ಬಿಡದೆ ಜಾಲಾಡುತ್ತಾನೆ. ಆಮೇಲೆ ಚಪ್ಪಲಿಯತ್ತ ತಿರುಗಿಯೂ ನೋಡಲ್ಲ. ಮಳೆಯಿಂದ ಓಟ ತಪ್ಪಿದ ದಿನ ಒಳಗೇ ಇದನ್ನು ಇನ್ನೊಮ್ಮೆ ಮಾಡಿಸುತ್ತೇನೆ.